ಕರ್ನಲ್ ಮೆಕೆಂಜಿ: ಮೈಸೂರನ್ನು ಅಳೆದ ಸೇನಾ ಇಂಜಿನಿಯರು



ಕೈಫಿಯತ್ತು ಎಂಬ ಮಾತು ನಮ್ಮ ಹಳೆಯ ಕಚೇರಿ ಕಾಗದಗಳಲ್ಲಿ ಬರುತ್ತದೆ. ಅರಬ್ಬಿಯಲ್ಲಿ ಹುಟ್ಟಿ, ಫಾರಸಿಯನ್ನು ಹಾದು ಕನ್ನಡಕ್ಕೆ ಬಂದ ಪದ ಅದು. ಒಂದು ಸಂಗತಿಯ ವಿವರ, ಒಂದು ಸ್ಥಳದ ಸ್ಥಿತಿಗತಿಯ ಹೇಳಿಕೆ ಎಂದು ಅದರ ಅರ್ಥ. ಈ ಊರು ಯಾವಾಗ ಆಯಿತು, ಕಟ್ಟಿಸಿದವರು ಯಾರು, ಇಲ್ಲಿಯ ದೇವರಿಗೆ ಉಂಬಳಿ ಬಿಟ್ಟ ಅರಸನಾರು, ಕೆರೆಯ ಕೋಡಿ ಎತ್ತ, ಕಲ್ಲಿನ ಶಾಸನಗಳೆಷ್ಟು ಎಂಬುದನ್ನು ಊರಿನ ತಿಳಿದವರ ಬಾಯಿಂದ ಕೇಳಿ ಬರೆದಿಟ್ಟರೆ ಅದು ಆ ಊರಿನ ಕೈಫಿಯತ್ತು. ಕನ್ನಡನಾಡಿನ ಊರುಗಳ ಇಂತಹ ಕೈಫಿಯತ್ತುಗಳು ಇಂದಿಗೂ ಮದರಾಸಿನ ಓಲೆಗರಿ ಭಂಡಾರದಲ್ಲಿವೆ. ಅವುಗಳ ಜೊತೆಗೆ ಕೂಡಿಸಿದ ಅನೇಕ ಪಟಗಳೂ ಚಿತ್ರಗಳೂ ಲಂಡನ್ನಿನಲ್ಲಿವೆ.

ಇವನ್ನೆಲ್ಲ ಬರೆಯಿಸಿ ಕೂಡಿಹಾಕಿದವನು ಯಾವುದೋ ಮಠದ ಸ್ವಾಮಿಗಳೆಂದೋ, ಅರಮನೆಯ ಆಸ್ಥಾನವಿದ್ವಾಂಸನೆಂದೋ ನಾವು ಊಹಿಸಬಹುದು. ಹಾಗಲ್ಲ. ಅವನೊಬ್ಬ ಸೇನಾ ಇಂಜಿನಿಯರು. ಫಿರಂಗಿಯನ್ನು ಎಲ್ಲಿ ಹೂಡಿದರೆ ಕೋಟೆಯ ಗೋಡೆ ಬೀಳುತ್ತದೆಂದು ಲೆಕ್ಕ ಹಾಕುವುದು ಅವನ ಕಸುಬು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗು, ತಮಿಳು, ಸಂಸ್ಕೃತಗಳೂ ಬರುತ್ತಿರಲಿಲ್ಲ. ಅವನ ಹೆಸರು ಕಾಲಿನ್ ಮೆಕೆಂಜಿ. ಅವನ ಜೀವನವನ್ನೂ ಕೆಲಸವನ್ನೂ, ಅದರಿಂದ ನಮಗೆ ಆದ ಲಾಭವೇನು, ಅದರ ಹಿಂದಿದ್ದ ಉದ್ದೇಶವೇನು ಎಂಬುದನ್ನೂ ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ಸೇನಾ ಇಂಜಿನಿಯರು ಎಂದರೆ ಯಾರು ಎಂಬುದನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಯುದ್ಧವೆಂದರೆ ಬಹುಮಟ್ಟಿಗೆ ಕೋಟೆಗಳ ಮುತ್ತಿಗೆ. ಕೋಟೆಯನ್ನು ಕಟ್ಟುವುದಕ್ಕೂ ಕೆಡವುವುದಕ್ಕೂ ಗಣಿತ ಬೇಕು. ಸೈನ್ಯ ನಡೆಯುವ ದಾರಿಗೆ, ಹೊಳೆ ದಾಟುವ ಕಡವಿಗೆ, ದನಕರುಗಳ ಮೇವಿಗೆ ನಕ್ಷೆ ಬೇಕು. ಆದ್ದರಿಂದ ಇಂಜಿನಿಯರು ಅಲ್ಲಿ ಗಣಿತಜ್ಞನೂ ಹೌದು, ನಕ್ಷೆಗಾರನೂ ಹೌದು. ಪ್ರಷ್ಯ ದೇಶದ ಸೇನಾಧಿಕಾರಿ ಷ್ಮೆಟ್ಟೌ ಎಂಬವನು ೧೭೬೭ರಲ್ಲಿ ಮೊದಲುಮಾಡಿ ಸುಮಾರು ಇಪ್ಪತ್ತು ವರ್ಷ ದುಡಿದು ತನ್ನ ದೇಶದ ದೊಡ್ಡ ನಕ್ಷೆಯೊಂದನ್ನು ಸಿದ್ಧಪಡಿಸಿದನು. ಆದರೆ ದೊರೆ ಫ್ರೆಡರಿಕನು ಅದನ್ನು ಅಚ್ಚುಹಾಕಿಸಲು ಒಪ್ಪಲಿಲ್ಲ. ನಕ್ಷೆ ಶತ್ರುವಿನ ಕೈಗೆ ಸಿಕ್ಕಿದರೆ ದೇಶವೇ ಸಿಕ್ಕಿದಂತೆ ಎಂಬುದು ಅವನ ಭಯ. ಇತ್ತ ಸ್ಕಾಟ್ಲೆಂಡಿನ ಬೆಟ್ಟಸೀಮೆಯವರು ೧೭೪೫ರಲ್ಲಿ ದಂಗೆಯೆದ್ದು ಸೋತ ಮೇಲೆ, ಇಂಗ್ಲಿಷರ ಸೈನ್ಯ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಆ ಬೆಟ್ಟಸೀಮೆಯನ್ನು ಅಳೆದು ನಕ್ಷೆ ಬರೆದದ್ದು. ಗೆದ್ದವನು ಮೊದಲು ಅಳೆಯುತ್ತಾನೆ. ಈ ಮಾತನ್ನು ನಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಆ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಲೂಯಿಸ್ ಎಂಬ ದ್ವೀಪದಲ್ಲಿ, ಸ್ಟೋರ್ನೊವೇ ಎಂಬ ಬಂದರಿನಲ್ಲಿ, ೧೭೫೪ರಲ್ಲಿ ಮೆಕೆಂಜಿ ಹುಟ್ಟಿದನು. ಶ್ರೀಮಂತರ ಮನೆಯಲ್ಲ. ಬೆಳೆದು ಬಂದರಿನ ಸುಂಕದ ಕಚೇರಿಯಲ್ಲಿ ನೌಕರಿ ಹಿಡಿದನು. ಅವನಿಗೆ ಗಣಿತದ ಮೇಲೆ ಪ್ರೀತಿ. ಲಾಗರಿದಮ್ ಎಂಬ ಗಣನಕ್ರಮವನ್ನು ಕಂಡುಹಿಡಿದ ಜಾನ್ ನೇಪಿಯರನ ವಂಶದವನಾದ ಲಾರ್ಡ್ ನೇಪಿಯರ್ ತನ್ನ ಪೂರ್ವಜನ ಚರಿತ್ರೆ ಬರೆಯಲು ಹೊರಟಿದ್ದನು. ಹಿಂದೂಗಳ ಗಣಿತದಲ್ಲಿ ಇಂತಹ ಕ್ರಮವಿತ್ತೇ ಎಂಬುದನ್ನು ತಿಳಿಯುವ ಕುತೂಹಲ ಅವನಿಗೆ. ಈ ಕೆಲಸದಲ್ಲಿ ಮೆಕೆಂಜಿ ಅವನಿಗೆ ನೆರವಾದನು. ಭಾರತದ ಕಡೆಗೆ ಅವನ ಮನಸ್ಸು ತಿರುಗಿದ್ದು ಹೀಗೆ, ಅಂಕಗಣಿತದ ದಾರಿಯಿಂದ.

೧೭೮೩ರ ಸೆಪ್ಟೆಂಬರಿನಲ್ಲಿ ಮೆಕೆಂಜಿ ಮದರಾಸಿಗೆ ಬಂದಿಳಿದನು. ಕಂಪನಿಯ ಸೈನ್ಯಕ್ಕೆ ಹದಿನಾರು ಹದಿನೇಳರ ಹುಡುಗರು ಸೇರುತ್ತಿದ್ದ ಕಾಲ. ಇವನಿಗೆ ಆಗಲೇ ಮೂವತ್ತರ ಹತ್ತಿರ. ಮೂರು ವರ್ಷದಲ್ಲಿ ಕಾಲಾಳುಪಡೆಯನ್ನು ಬಿಟ್ಟು ಇಂಜಿನಿಯರುಗಳ ದಳಕ್ಕೆ ಬಂದನು. ನೇಪಿಯರನ ಮಗಳು ಆಗ ಮಧುರೆಯಲ್ಲಿದ್ದಳು. ಆಕೆಯ ಮನೆಯಲ್ಲಿ ಅಲ್ಲಿಯ ವಿದ್ವಾಂಸರ ಪರಿಚಯವಾಯಿತು. ಈ ದೇಶದ ಚರಿತ್ರೆಯ ಸಾಮಗ್ರಿಯನ್ನು ಕೂಡಿಸಬೇಕೆಂಬ ಹಂಬಲಕ್ಕೆ ಅಲ್ಲಿ ಬೀಜ ಬಿತ್ತು. ಆದರೆ ಮೊಳಕೆಯೊಡೆಯಲು ಬಹುಕಾಲ ಬೇಕಾಯಿತು. ನಡುವೆ ಯುದ್ಧಗಳು. ೧೭೯೦ರಿಂದ ೧೭೯೨ರವರೆಗೆ ಟಿಪ್ಪುಸುಲ್ತಾನನ ಮೇಲಿನ ಯುದ್ಧ, ೧೭೯೩ರಲ್ಲಿ ಪಾಂಡಿಚೇರಿಯ ಮುತ್ತಿಗೆ, ಆಮೇಲೆ ಸಿಂಹಳ, ಕೊನೆಗೆ ೧೭೯೯ರ ಶ್ರೀರಂಗಪಟ್ಟಣ. ೧೭೯೯ರ ಮೇ ೪ರಂದು ಆ ಕೋಟೆ ಬಿದ್ದು ಟಿಪ್ಪು ಮಡಿದಾಗ, ಮುತ್ತಿಗೆಯ ಇಂಜಿನಿಯರುಗಳಲ್ಲಿ ಮೆಕೆಂಜಿಯೂ ಒಬ್ಬನಾಗಿದ್ದನು.

ಆ ಕಾಲದಲ್ಲಿ ನಮ್ಮ ಸೀಮೆ ಹೇಗಿತ್ತು? ೧೭೯೧ರ ಡಿಸೆಂಬರಿನಲ್ಲಿ ಪರಶುರಾಮ ಭಾವೂವಿನ ಮರಾಠರ ದಂಡು ಶಿವಮೊಗ್ಗೆಯ ಬಳಿ ಟಿಪ್ಪುವಿನ ಸೈನ್ಯವನ್ನು ಸೋಲಿಸಿ ಈ ಪ್ರಾಂತವನ್ನು ಸೂರೆಮಾಡಿತ್ತು. ೧೭೯೯ರಲ್ಲಿ ಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಚನ್ನಗಿರಿಯ ಧೋಂಡಿಯಾ ವಾಘನು ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳ ಸುತ್ತ ದಂಡು ಕಟ್ಟಿದನು. ಇಂಗ್ಲಿಷರು ಅವನನ್ನು ಅಟ್ಟಿಕೊಂಡು ಹೋಗಿ ೧೮೦೦ರ ಸೆಪ್ಟೆಂಬರಿನಲ್ಲಿ ಕೊಂದರು. ಕೆಳದಿಯ ಅರಸರು ಆಳಿ ಬೆಳೆಸಿದ ಬಿದನೂರು ೧೭೬೩ರಲ್ಲಿ ಹೈದರನ ವಶವಾಗಿ ನಗರವೆನಿಸಿತ್ತು. ೧೭೮೩ರಲ್ಲಿ ಮತ್ತೆ ಇಂಗ್ಲಿಷರಿಗೂ ಟಿಪ್ಪುವಿಗೂ ನಡುವೆ ಕೈಬದಲಾಗಿತ್ತು. ಮೂವತ್ತೇಳು ವರ್ಷಗಳಲ್ಲಿ ಇಷ್ಟು ದಂಡುಗಳನ್ನು ಕಂಡ ನೆಲದಲ್ಲಿ ಊರುಗಳೇ ಹಾಳುಬಿದ್ದಿದ್ದವು. ಯಾವ ಊರು ಯಾವ ಸೀಮೆಗೆ ಸೇರಿತೆಂದು ಹೇಳುವವರು ಕಡಿಮೆಯಾಗಿದ್ದರು.

ಟಿಪ್ಪುವಿನ ರಾಜ್ಯವನ್ನು ಇಂಗ್ಲಿಷರೂ ನಿಜಾಮನೂ ಹಂಚಿಕೊಂಡು, ಉಳಿದ ಮೈಸೂರನ್ನು ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು, ಪೂರ್ಣಯ್ಯನನ್ನು ದಿವಾನನನ್ನಾಗಿ ಮಾಡಿದರು. ಹಂಚಿಕೊಂಡದ್ದೇನೋ ಆಯಿತು, ಗಡಿ ಎಲ್ಲಿ? ಅದನ್ನು ಗೊತ್ತುಮಾಡುವವರು ಬೇಕು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಈ ಕೆಲಸವನ್ನು ಮೆಕೆಂಜಿಗೆ ವಹಿಸಿದನು. ೧೮೦೦ರಲ್ಲಿ ಮೊದಲಾದ ಮೈಸೂರು ಸರ್ವೆ ಸುಮಾರು ಹತ್ತು ವರ್ಷ ನಡೆಯಿತು. ಅಳೆದ ನೆಲ ಸುಮಾರು ೪೦,೦೦೦ ಚದರ ಮೈಲಿ. ಅದರ ಫಲವಾಗಿ ನಾಡಿನ ಒಟ್ಟು ನಕ್ಷೆಯೂ ಪ್ರಾಂತಗಳ ಬಿಡಿ ನಕ್ಷೆಗಳೂ, ಅವುಗಳ ವಿವರಣೆಯ ಏಳು ದೊಡ್ಡ ಸಂಪುಟಗಳೂ ಸಿದ್ಧವಾದವು.

ನೆಲವನ್ನು ಅಳೆಯುವುದು ಹೇಗೆ? ಗದ್ದೆಯನ್ನಾದರೆ ಸರಪಳಿ ಹಿಡಿದು ಅಳೆಯಬಹುದು. ಕಾಡು, ಕಣಿವೆ, ಹೊಳೆಗಳಿರುವ ನಾಡನ್ನು ಹಾಗೆ ಅಳೆಯಲಾಗದು. ಅದಕ್ಕೆ ಒಂದು ಯುಕ್ತಿಯುಂಟು. ಮೊದಲು ಒಂದು ಸಮತಟ್ಟಾದ ಬಯಲಿನಲ್ಲಿ ಕೆಲವು ಮೈಲಿಯಷ್ಟು ಉದ್ದದ ಒಂದು ಗೆರೆಯನ್ನು ಬಹಳ ಎಚ್ಚರದಿಂದ ಸರಪಳಿ ಹಾಕಿ ಅಳೆಯುತ್ತಾರೆ. ಇದು ಆಧಾರರೇಖೆ. ಅದರ ಎರಡು ತುದಿಗಳಿಂದಲೂ ದೂರದ ಒಂದು ಬೆಟ್ಟದ ನೆತ್ತಿಯಲ್ಲಿ ನೆಟ್ಟ ಬಾವುಟವನ್ನು ಥಿಯೋಡೊಲೈಟ್ ಎಂಬ ಯಂತ್ರದಿಂದ ನೋಡಿ ಕೋನಗಳನ್ನು ಗುರುತಿಸುತ್ತಾರೆ. ತ್ರಿಕೋನದ ಒಂದು ಬಾಹುವೂ ಎರಡು ಕೋನಗಳೂ ತಿಳಿದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದು. ಇದು ನಮ್ಮ ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಹೀಗೆ ದೊರೆತ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ. ಕೊಡಚಾದ್ರಿಯಿಂದ ಚಂದ್ರಗುತ್ತಿ, ಚಂದ್ರಗುತ್ತಿಯಿಂದ ಇನ್ನೊಂದು ಗುಡ್ಡ ಎಂದು ಬೆಟ್ಟದಿಂದ ಬೆಟ್ಟಕ್ಕೆ ಕಣ್ಣಿನಲ್ಲೇ ಜಿಗಿಯುತ್ತ ನಾಡನ್ನೆಲ್ಲ ಬಲೆಯಲ್ಲಿ ಹಿಡಿಯಬಹುದು. ನಡುವಣ ಕಾಡನ್ನು ಹೊಕ್ಕು ಹೊರಡದೆಯೇ ಅದರ ಅಗಲ ತಿಳಿಯುತ್ತದೆ. ಆಮೇಲೆ ಆ ಬಲೆಯ ಕಣ್ಣುಗಳೊಳಗೆ ಊರು, ಕೆರೆ, ದಾರಿ, ಗಡಿಗಳನ್ನು ಬಿಡಿಬಿಡಿಯಾಗಿ ತುಂಬುವುದು.

ಬಯಲುಸೀಮೆಯಲ್ಲಿ ಈ ಕೆಲಸ ಸುಲಭ, ಮಲೆನಾಡಿನಲ್ಲಿ ಕಷ್ಟ. ಮಳೆಗಾಲದಲ್ಲಿ ಬೆಟ್ಟಗಳು ಮೋಡದಲ್ಲಿ ಮುಳುಗಿರುತ್ತವೆ. ಮಳೆ ನಿಂತ ಮೇಲೆ ಚಳಿಜ್ವರ. ಮಲೇರಿಯ ಸೊಳ್ಳೆಯಿಂದ ಬರುತ್ತದೆಂದು ಜಗತ್ತಿಗೆ ತಿಳಿದದ್ದು ೧೮೯೭ರಲ್ಲಿ. ಅಂದು ಅದನ್ನು ಬೆಟ್ಟದ ಗಾಳಿಯ ದೋಷವೆಂದೇ ನಂಬಿದ್ದರು. ಮೆಕೆಂಜಿ ಸ್ವತಃ ಜ್ವರದಿಂದ ನರಳಿದನು. ಜೊತೆಯವರಲ್ಲಿ ಹಲವರು ಜ್ವರಕ್ಕೆ ತುತ್ತಾದರು. ಇದರ ಮೇಲೆ ಕಂಪನಿಯ ಜಿಪುಣತನ ಬೇರೆ. ಕೆಲಸ ಮೊದಲಾದ ಸ್ವಲ್ಪ ಕಾಲದಲ್ಲೇ ವೆಚ್ಚ ಹೆಚ್ಚಾಯಿತೆಂದು ವಿಲಾಯತಿಯ ಯಜಮಾನರು ಗೊಣಗಿ ಸಂಬಳ ಸಾರಿಗೆಗಳನ್ನು ಮೊಟಕುಮಾಡಿದರು. ಆದರೂ ಕೆಲಸ ನಿಲ್ಲಲಿಲ್ಲ.

ಅವನ ಕೈಕೆಳಗಿನವರಲ್ಲಿ ಕೆಲವರನ್ನು ಹೆಸರಿಸಬೇಕು. ಜಾನ್ ವಾರೆನ್ ಎಂಬ ಫ್ರೆಂಚ್ ಮೂಲದ ಲೆಫ್ಟಿನೆಂಟನು ಪೂರ್ವದ ಗಡಿಯನ್ನು ಅಳೆಯುತ್ತಿದ್ದಾಗ, ಊರಿಗರು ಮಣ್ಣು ತೊಳೆದು ಚಿನ್ನ ತೆಗೆಯುವ ಸುದ್ದಿ ಕೇಳಿ ೧೮೦೨ರಲ್ಲಿ ಹೋಗಿ ಪರೀಕ್ಷಿಸಿದನು. ಕೋಲಾರದ ಗಣಿಗಳ ಕಥೆ ಅಲ್ಲಿಂದ ಮೊದಲಾಗುತ್ತದೆ. ಜರ್ಮನಿಯ ಸ್ಯಾಕ್ಸನಿಯವನಾದ ಬೆಂಜಮಿನ್ ಹೇನ್ ಎಂಬ ವೈದ್ಯನು ಸರ್ವೆಯ ಸಸ್ಯಶಾಸ್ತ್ರಜ್ಞ. ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡನು. ಇದೇ ಹೊತ್ತಿನಲ್ಲಿ ಲ್ಯಾಂಬ್‌ಟನ್ ಎಂಬ ಮತ್ತೊಬ್ಬ ಸೇನಾಧಿಕಾರಿ ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದು, ಭಾರತವನ್ನೆಲ್ಲ ಅಳೆಯುವ ಮಹಾಕಾರ್ಯದ ಪೀಠಿಕೆ ಹಾಕಿದನು. ಬುಕನನ್ ಎಂಬ ವೈದ್ಯನು ೧೮೦೧ರಲ್ಲಿ ಇಕ್ಕೇರಿ, ಶಿವಮೊಗ್ಗ, ಕೂಡಲಿಗಳನ್ನು ಹಾದು ಹೋಗುತ್ತ ಬೆಳೆ ವ್ಯವಸಾಯಗಳನ್ನು ಬರೆದುಕೊಂಡನು.

ಇಷ್ಟೇ ಆಗಿದ್ದರೆ ಮೆಕೆಂಜಿಯ ಹೆಸರು ಸರ್ವೆ ಇಲಾಖೆಯ ದಫ್ತರಗಳಲ್ಲಿ ಉಳಿಯುತ್ತಿತ್ತು. ಕನ್ನಡ ಪಂಡಿತರು ಅವನನ್ನು ನೆನೆಯಬೇಕಾದ ಕಾರಣವಿರುತ್ತಿರಲಿಲ್ಲ. ಆದರೆ ಅವನು ನೆಲದ ಉದ್ದಗಲಗಳ ಜೊತೆಗೆ ನೆಲದ ನೆನಪನ್ನೂ ಅಳೆಯಹೊರಟನು. ಊರಿನ ಗಡಿಯನ್ನು ಗೊತ್ತುಮಾಡಲು ಶಾನುಭೋಗನ ಕಡತ ಬೇಕು. ಕಡತದಲ್ಲಿ ಉಂಬಳಿಯ ಮಾತು. ಉಂಬಳಿಗೆ ಸಾಕ್ಷಿ ತಾಮ್ರಶಾಸನ. ತಾಮ್ರಶಾಸನದಲ್ಲಿ ಅರಸನ ವಂಶಾವಳಿ. ಒಂದನ್ನು ಹಿಡಿದು ಎಳೆದರೆ ಇನ್ನೊಂದು ಬರುತ್ತದೆ. ಗಡಿಯ ಪ್ರಶ್ನೆ ಚರಿತ್ರೆಯ ಪ್ರಶ್ನೆಯಾಯಿತು. ನಮ್ಮ ಸೀಮೆಗಂತೂ ಇದು ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲೇ ಶಿವಪ್ಪನಾಯಕನು ಭೂಮಿಯ ಗುಣವನ್ನೂ ಇಳುವರಿಯನ್ನೂ ನೋಡಿ ಕಂದಾಯ ಕಟ್ಟಿದ್ದನು. ಶಿವಪ್ಪನಾಯಕನ ಶಿಸ್ತು ಎಂದು ಅದು ಇಂದಿಗೂ ಹೆಸರುವಾಸಿ. ಅಳೆಯುವ ವಿದ್ಯೆಯನ್ನು ಇಂಗ್ಲಿಷರು ನಮಗೆ ತಂದುಕೊಟ್ಟರೆಂಬ ಮಾತು ಆದ್ದರಿಂದ ಸರಿಯಲ್ಲ. ಅವರು ತಂದದ್ದು ಬೇರೆ ಬಗೆಯ ಅಳತೆ. ನಿಂತದ್ದು ಇಲ್ಲಿಯ ಲೆಕ್ಕಪತ್ರಗಳ ಮೇಲೆಯೇ.

ಭಾಷೆ ಬಾರದವನು ಈ ಕೆಲಸವನ್ನು ಹೇಗೆ ಮಾಡಿದನು? ಇಲ್ಲಿ ಏಲೂರಿನ ಕಾವಲಿ ವೆಂಕಟ ಬೊರಯ್ಯನ ಹೆಸರು ಬರುತ್ತದೆ. ತೆಲುಗು ಬ್ರಾಹ್ಮಣ ಯುವಕ. ಸಂಸ್ಕೃತ, ತೆಲುಗು, ಕನ್ನಡ, ತಮಿಳುಗಳನ್ನೂ ಇಂಗ್ಲಿಷನ್ನೂ ಬಲ್ಲವನು. ಊರೂರಿಗೆ ಹೋಗಿ ಜನರ ವಿಶ್ವಾಸವನ್ನು ಗಳಿಸಿ ಓಲೆಗಳನ್ನು ಹೊರತರಿಸುವ ಜಾಣ್ಮೆ ಅವನದು. ಕಲ್ಲಿನ ಮೇಲಿನ ಹಳಗನ್ನಡ ಲಿಪಿಯನ್ನು ಓದುವ ಬಗೆಯನ್ನು ಸಾಧಿಸಿದವನೂ ಅವನೇ. ಅದು ಸಾಮಾನ್ಯ ಸಾಧನೆಯಲ್ಲ. ನೂರಾರು ವರ್ಷಗಳಿಂದ ಊರ ಮುಂದೆ ನಿಂತಿದ್ದ ಶಾಸನಗಳನ್ನು ಆ ಕಾಲಕ್ಕೆ ಊರಿನವರು ಯಾರೂ ಓದಲಾರದೆ, ನಿಧಿಯ ಗುರುತೆಂದೋ ಭೂತದ ಕಲ್ಲೆಂದೋ ಎಣಿಸಿದ್ದರು. ಬೊರಯ್ಯನು ೧೮೦೩ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಅವನ ತಮ್ಮ ಲಕ್ಷ್ಮಯ್ಯನು ಆ ಭಾರವನ್ನು ಹೊತ್ತನು. ಅವನ ಕೈಕೆಳಗೆ ಬ್ರಾಹ್ಮಣರು, ಜೈನರು ಮೊದಲಾದ ಅನೇಕ ಜನ ಗುಮಾಸ್ತರೂ ಪಂಡಿತರೂ ಕರ್ನಾಟಕ, ಆಂಧ್ರ, ತಮಿಳು ಸೀಮೆಗಳನ್ನು ತಿರುಗಿದರು.

ಜನ ಸುಲಭವಾಗಿ ಓಲೆ ಕೊಡಲಿಲ್ಲ. ಕೊಡದಿದ್ದುದು ತಪ್ಪೂ ಅಲ್ಲ. ಕೋಟೆ ಕೆಡವಿದ ಸರ್ಕಾರದ ಕಡೆಯವನು ಬಂದು, ನಿಮ್ಮ ದೇವಸ್ಥಾನದ ಮಾನ್ಯದ ಪತ್ರ ತೋರಿಸಿ ಎಂದರೆ, ಮಾನ್ಯ ಕಿತ್ತುಕೊಳ್ಳಲು ಬಂದಿದ್ದಾನೆಂದೇ ಯಾರಾದರೂ ತಿಳಿದಾರು. ಕಂದಾಯ ಹೆಚ್ಚಿಸಲು ಬಂದಿದ್ದಾನೆಂದು ಗೌಡನಿಗೆ ಅನುಮಾನ. ಮಠದ ಗುಟ್ಟು ಹೊರಬೀಳುತ್ತದೆಂದು ಮಠದವರಿಗೆ ಸಂಕೋಚ. ಪಂಡಿತರು ದಿನಗಟ್ಟಲೆ ಕಾದು, ಮಾತಾಡಿ, ಉಡುಗೊರೆ ಕೊಟ್ಟು, ಮೂಲವನ್ನು ಕೊಡದಿದ್ದರೆ ಪ್ರತಿಯನ್ನಾದರೂ ಮಾಡಿಕೊಂಡು ಹೊರಡುತ್ತಿದ್ದರು.

ಪತ್ರಗಳಿಗೆ ಇಷ್ಟು ಬೆಲೆಯಿದ್ದ ಕಡೆ ಖೋಟಾ ಪತ್ರಗಳೂ ಇರುತ್ತವೆ. ನಮ್ಮ ಬಿದನೂರು ಸೀಮೆಯಲ್ಲೇ ಇದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನ ಸಿಕ್ಕಿತು. ಗೌಜ ಎಂಬ ಅಗ್ರಹಾರದ ತಾಮ್ರಪಟಗಳು ಮೆಕೆಂಜಿಯ ಕೈಸೇರಿದವು. ದಾನ ಕೊಟ್ಟವನು ಯಾರೆಂದುಕೊಂಡಿರಿ? ಪರೀಕ್ಷಿತನ ಮಗನಾದ ಜನಮೇಜಯ ಚಕ್ರವರ್ತಿ! ಸರ್ಪಯಾಗ ಮಾಡಿದ ಜನಮೇಜಯನೇ ನಮ್ಮ ಮಲೆನಾಡಿನ ಬ್ರಾಹ್ಮಣರಿಗೆ ಊರು ಬಿಟ್ಟನೆಂದು ಆ ಪಟಗಳ ಹೇಳಿಕೆ. ಕಲ್ಕತ್ತೆಯ ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕನು ಅದನ್ನು ಓದಿ, ಇದರ ಪ್ರಾಚೀನತೆಯನ್ನು ನಂಬಲಾಗದೆಂದು ಸಂದೇಹಪಟ್ಟನು. ಮುಂದೆ ಬಿ. ಎಲ್. ರೈಸರು ಮೊದಲಾದ ಶಾಸನಜ್ಞರು ಪರಿಶೀಲಿಸಿದಾಗಲೂ ಅದು ಮಹಾಭಾರತದ ಕಾಲಕ್ಕೆ ಬಹಳ ಈಚಿನ ಸೃಷ್ಟಿಯೆಂದೇ ತೀರ್ಮಾನವಾಯಿತು. ಹಾಗೆಂದು ಆ ತಾಮ್ರಪಟವನ್ನು ಎಸೆಯಬೇಕಾಗಿಲ್ಲ. ಜನಮೇಜಯನ ವಿಷಯದಲ್ಲಿ ಅದು ಸುಳ್ಳು ಹೇಳುತ್ತದೆ, ನಿಜ. ಆದರೆ ಒಂದು ಕಾಲದಲ್ಲಿ ತಮ್ಮ ನೆಲವನ್ನು ಉಳಿಸಿಕೊಳ್ಳಲು ಒಂದು ಅಗ್ರಹಾರದವರು ಎಷ್ಟು ದೂರ ಹೋಗಬೇಕಾಯಿತು ಎಂಬ ಸತ್ಯವನ್ನು ಅದು ಹೇಳುತ್ತದೆ. ಸುಳ್ಳು ಪತ್ರವೂ ಚರಿತ್ರೆಗೆ ಸಾಕ್ಷಿಯೇ. ಕೇಳುವವನು ಸರಿಯಾದ ಪ್ರಶ್ನೆ ಕೇಳಬೇಕು.

ಕನ್ನಡದ ಸಾಹಿತ್ಯಚರಿತ್ರೆಗೂ ಮೆಕೆಂಜಿಗೂ ಒಂದು ನೇರವಾದ ಸಂಬಂಧವಿದೆ. ಚಾಮರಾಜನಗರದ ಬಳಿಯ ಮಲೆಯೂರು ಜೈನರ ಪವಿತ್ರ ಕ್ಷೇತ್ರ. ಅಲ್ಲಿಯ ಬೆಟ್ಟಕ್ಕೆ ಕನಕಗಿರಿ ಎಂದು ಹೆಸರು. ೧೮೦೪ರಲ್ಲಿ ಮೆಕೆಂಜಿ ಅಲ್ಲಿಗೆ ಬಂದು ಸ್ಥಳದ ಚರಿತ್ರೆಯನ್ನು ವಿಚಾರಿಸಿದಾಗ, ಅದನ್ನು ತಿಳಿಸಲು ಮುಂದೆ ಬಂದವನು ದೇವಚಂದ್ರ ಎಂಬ ಜೈನ ಕವಿ. ಅಂದು ಕೇಳಿದ ಪ್ರಶ್ನೆ ಕವಿಯ ಮನಸ್ಸಿನಲ್ಲಿ ಉಳಿಯಿತೆಂದು ತೋರುತ್ತದೆ. ಮೂರು ದಶಕಗಳ ಮೇಲೆ, ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗೆಂದು ಅವನು ಸಿದ್ಧಪಡಿಸಿದ ರಾಜಾವಳಿಕಥೆಯಲ್ಲಿ ಅರಸರ, ಕವಿಗಳ, ಮತಗಳ ಸಂಗತಿಗಳೆಲ್ಲ ಕೂಡಿಬಂದಿವೆ. ಕನ್ನಡ ಕವಿಗಳ ಚರಿತ್ರೆಯನ್ನು ಹುಡುಕಿದವರೆಲ್ಲ ಆ ಗ್ರಂಥದ ಬಾಗಿಲನ್ನು ತಟ್ಟಿದವರೇ. ಅದೇ ಮಲೆಯೂರಿನ ಕಡೆಯ ಧರ್ಮಯ್ಯ ಎಂಬ ಜೈನ ಪಂಡಿತನು ಮೆಕೆಂಜಿಯ ಬಳಿ ಬಹುಕಾಲ ಕೆಲಸ ಮಾಡಿದನು. ಜೈನಧರ್ಮ ಒಂದು ಸ್ವತಂತ್ರ ಮತವೆಂಬುದು ಯೂರೋಪಿನ ವಿದ್ವಾಂಸರಿಗೆ ಮನದಟ್ಟಾಗಲು ಮೆಕೆಂಜಿಯ ಕಡೆಯಿಂದ ಹೋದ ಬರಹಗಳು ಬಹಳ ಸಹಾಯಮಾಡಿದವು. ಅವುಗಳಲ್ಲಿ ಒಂದನ್ನು ಇಂಗ್ಲಿಷಿಗೆ ತಿರುಗಿಸಿದವನು ನಮ್ಮ ಬೊರಯ್ಯನೇ.

೧೮೧೬ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮದರಾಸಿನಲ್ಲಿ ಮೆಕೆಂಜಿಯ ಒಂದು ತೈಲಚಿತ್ರ ಬರೆದನು. ಕೆಂಪು ಅಂಗಿ ತೊಟ್ಟ ಮೆಕೆಂಜಿ ನಡುವೆ. ಅವನ ಸುತ್ತ ಮೂವರು ಭಾರತೀಯರು. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ಓಲೆಗರಿ. ಓಲೆ ಹಿಡಿದವನು ಧರ್ಮಯ್ಯನೆಂದೂ ಅವರಲ್ಲೊಬ್ಬನು ಲಕ್ಷ್ಮಯ್ಯನೆಂದೂ ಹೇಳುವುದುಂಟು. ಹಿನ್ನೆಲೆಯಲ್ಲಿ ಬೃಹತ್ತಾದ ಗೊಮ್ಮಟಮೂರ್ತಿ. ಅಂದಿನ ಇಂಗ್ಲಿಷ್ ಅಧಿಕಾರಿಗಳ ಚಿತ್ರಗಳಲ್ಲಿ ನಮ್ಮವರು ಕೊಡೆ ಹಿಡಿಯುವವರಾಗಿಯೋ ಹುಕ್ಕ ತರುವವರಾಗಿಯೋ ಕಾಣುವುದೇ ಹೆಚ್ಚು. ತನ್ನ ಪಂಡಿತರನ್ನು ಜೊತೆಯಲ್ಲಿ ನಿಲ್ಲಿಸಿಕೊಂಡು ಚಿತ್ರ ಬರೆಯಿಸಿಕೊಂಡದ್ದು ಅವನ ಗುಣಕ್ಕೆ ಸಾಕ್ಷಿ. ಆ ಚಿತ್ರ ಈಗ ಲಂಡನ್ನಿನಲ್ಲಿದೆ.

ಮುಂದಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೮೧೦ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆದನು. ೧೮೧೧ರಲ್ಲಿ ಇಂಗ್ಲಿಷರು ಜಾವಾದ್ವೀಪದ ಮೇಲೆ ದಂಡೆತ್ತಿದಾಗ ಅಲ್ಲಿಗೆ ಹೋಗಿ ಎರಡು ವರ್ಷ ಇದ್ದು, ಅಲ್ಲಿಯೂ ದೇವಾಲಯಗಳನ್ನು ಕಂಡು ಬರಹಗಳನ್ನು ಕೂಡಿಸಿದನು. ಮದುವೆಯೂ ಅಲ್ಲಿಯೇ ಆಯಿತು. ೧೮೧೫ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಪದವಿ ಬಂದಿತು. ೧೮೨೧ರ ಮೇ ೮ರಂದು ಕಲ್ಕತ್ತೆಯ ಬಳಿ ತೀರಿಕೊಂಡನು. ಬಂದಿಳಿದ ದಿನದಿಂದ ಮೂವತ್ತೆಂಟು ವರ್ಷ. ಹುಟ್ಟಿದ ದ್ವೀಪವನ್ನು ಅವನು ಮತ್ತೆ ನೋಡಲಿಲ್ಲ. ಕೂಡಿಸಿದ ಸಾಮಗ್ರಿಯನ್ನೆಲ್ಲ ಬಿಡುವಾಗಿ ಕುಳಿತು ವಿಂಗಡಿಸಿ ಗ್ರಂಥ ಬರೆಯಬೇಕೆಂಬ ಆಸೆಯೂ ಕೈಗೂಡಲಿಲ್ಲ.

ಅವನು ಬಿಟ್ಟುಹೋದ ಸಂಗ್ರಹವನ್ನು ಎಚ್. ಎಚ್. ವಿಲ್ಸನ್ ಎಂಬ ವಿದ್ವಾಂಸನು ಪಟ್ಟಿಮಾಡಿ ೧೮೨೮ರಲ್ಲಿ ಪ್ರಕಟಿಸಿದನು. ಆ ಲೆಕ್ಕವನ್ನು ಕೇಳಿರಿ. ಸಾಹಿತ್ಯಗ್ರಂಥಗಳ ಹಸ್ತಪ್ರತಿಗಳು ೧,೫೬೮. ಸ್ಥಳೀಯ ಕೈಫಿಯತ್ತು ಮೊದಲಾದ ಬರಹಗಳು ೨,೦೭೦. ಶಾಸನಗಳ ಪ್ರತಿಗಳು ೮,೦೭೬. ಇಂಗ್ಲಿಷ್ ಭಾಷಾಂತರಗಳು ೨,೧೫೯. ಚಿತ್ರಗಳು ೨,೬೩೦. ನಾಣ್ಯಗಳು ೬,೨೧೮. ಇದರಲ್ಲಿ ಬಹುಭಾಗವನ್ನು ಅವನು ತನ್ನ ಸ್ವಂತ ಹಣದಿಂದ ಕೂಡಿಸಿದ್ದನು. ಕಂಪನಿಯು ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಎಲ್ಲವನ್ನೂ ಕೊಂಡುಕೊಂಡಿತು. ಒಂದು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಬಹುಭಾಗ ಮದರಾಸಿಗೆ ಹಿಂದಿರುಗಿತು.

ಇನ್ನು ಲಕ್ಷ್ಮಯ್ಯನ ಗತಿ. ಸುಮಾರು ಕಾಲು ಶತಮಾನ ಈ ಕೆಲಸದಲ್ಲಿ ಸವೆದವನು ಅವನು. ಉಳಿದ ಕೆಲಸವನ್ನು ತಾನು ಮುಂದುವರಿಸುವೆನೆಂದು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡನು. ೧೮೩೬ರಲ್ಲಿ ಅರ್ಜಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಅಶೋಕನ ಬ್ರಾಹ್ಮೀಲಿಪಿಯನ್ನು ಓದಿ ಕೀರ್ತಿಶಾಲಿಯಾದ ಜೇಮ್ಸ್ ಪ್ರಿನ್ಸೆಪ್ಪನೇ ಅಲ್ಲಿಯ ಕಾರ್ಯದರ್ಶಿ. ಸಾಮಗ್ರಿಯನ್ನು ಕೂಡಿಸಲು ಲಕ್ಷ್ಮಯ್ಯ ಸಾಕು. ಪರೀಕ್ಷಿಸಿ ಚರಿತ್ರೆ ಕಟ್ಟಲು ಇಂತಹವನ ಬುದ್ಧಿ ಸಾಲದು ಎಂಬ ಅಭಿಪ್ರಾಯ ಹೊರಟಿತು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಓಲೆಯನ್ನು ಹುಡುಕಿದವನೂ, ಓದಿದವನೂ, ತಿರುಗಿಸಿ ಹೇಳಿದವನೂ ನಮ್ಮವನು. ಯೋಚಿಸುವ ಅರ್ಹತೆ ಮಾತ್ರ ಅವನಿಗಿಲ್ಲ! ಮೆಕೆಂಜಿ ಬದುಕಿದ್ದರೆ ಈ ತೀರ್ಪನ್ನು ಒಪ್ಪುತ್ತಿದ್ದನೆಂದು ನನಗೆ ತೋರುವುದಿಲ್ಲ.

ಹಾಗಾದರೆ ಈ ಸೇನಾ ಇಂಜಿನಿಯರನನ್ನು ನಾವು ಹೇಗೆ ನೆನೆಯಬೇಕು? ಅವನನ್ನು ಕನ್ನಡದ ಭಕ್ತನೆಂದು ಹೊಗಳುವುದು ಅತಿಯಾಯಿತು. ಅವನ ನಕ್ಷೆಗಳು ಕಂಪನಿಯ ಸೈನ್ಯಕ್ಕೂ ಕಂದಾಯಕ್ಕೂ ಆಯುಧಗಳಾಗಿದ್ದವು. ಗೆದ್ದವನು ಮೊದಲು ಅಳೆಯುತ್ತಾನೆಂಬ ಮಾತು ಅವನ ವಿಷಯದಲ್ಲೂ ನಿಜ. ಆದರೆ ಅವನನ್ನು ಬರಿಯ ದೊರೆತನದ ಆಳೆಂದು ತಳ್ಳಿಹಾಕುವುದೂ ಅನ್ಯಾಯ. ಕಂಪನಿ ಕೇಳಿದ್ದು ಗಡಿಯ ಲೆಕ್ಕವನ್ನು. ಹಾಳೂರಿನ ಮುದುಕನ ಬಾಯಲ್ಲಿದ್ದ ಕಥೆಯನ್ನು ಬರೆದುಕೊಂಡು ಬಾ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಪ್ರಷ್ಯದ ದೊರೆ ನಕ್ಷೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಕಾಲದಲ್ಲಿ, ಇವನು ತಾನು ಓದಲಾರದ ಓಲೆಗಳನ್ನು ಮುಂದೆ ಓದಬಲ್ಲವರಿಗೆಂದು ಕೂಡಿಟ್ಟನು. ಎರಡು ಮಾತೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಅವನ ತರುವಾಯ ಬಂದವರು ಕೆಲಸವನ್ನು ಬೆಳೆಸಿದರು. ರೈಸರು ನಾಡಿನ ಶಾಸನಗಳನ್ನು ಸಂಪುಟಗಳಾಗಿ ಹೊರತಂದಾಗ, ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳೇ ಎರಡು ಸಂಪುಟಗಳನ್ನು ತುಂಬಿದವು. ಅವು ೧೯೦೨ರಲ್ಲಿಯೂ ೧೯೦೪ರಲ್ಲಿಯೂ ಪ್ರಕಟವಾದವು. ಮೆಕೆಂಜಿಯ ಸಂಗ್ರಹದ ಕನ್ನಡ ಕೈಫಿಯತ್ತುಗಳನ್ನು ಡಾಕ್ಟರ್ ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಅಚ್ಚುಹಾಕಿಸಿ ಕನ್ನಡಿಗರ ಕೈಗೆ ಕೊಟ್ಟಿತು. ಮದರಾಸಿಗೆ ಹೋದ ನಮ್ಮ ಊರುಗಳ ನೆನಪು ಸುಮಾರು ಇನ್ನೂರು ವರ್ಷಗಳ ಮೇಲೆ ತವರಿಗೆ ಬಂದಂತಾಯಿತು.

ಈ ಮಾತನ್ನು ಶಿವಮೊಗ್ಗ ಭದ್ರಾವತಿಗಳ ಶ್ರೋತೃಗಳಿಗೆ ನಾನು ವಿಶೇಷವಾಗಿ ಹೇಳಬೇಕಾಗಿದೆ. ಓಲೆಗರಿಗೆ ಶತ್ರುಗಳು ಮೂರು: ಗೆದ್ದಲು, ಥಂಡಿ, ಔದಾಸೀನ್ಯ. ಮೊದಲ ಎರಡಕ್ಕೆ ಹಿಂದಿನವರು ಉಪಾಯ ಕಂಡಿದ್ದರು; ಅಡಿಗೆಮನೆಯ ಹೊಗೆ ತಾಗುವ ಅಟ್ಟದ ಮೇಲೆ ಕಟ್ಟುಗಳನ್ನು ಇಡುತ್ತಿದ್ದರು. ಮೂರನೆಯದಕ್ಕೆ ಉಪಾಯವಿಲ್ಲ. ಮನೆ ಕೆಡವಿ ಕಟ್ಟುವಾಗ, ಹಿಸ್ಸೆಯಾಗುವಾಗ, ಓದಲು ಬಾರದ ಕಟ್ಟನ್ನು ಎಸೆದರೆ ದೋಷವೆಂದು ಹೆದರಿ, ಪೂಜೆ ಮಾಡಿ ತುಂಗೆಗೋ ಭದ್ರೆಗೋ ಬಿಡುವವರನ್ನು ನಾನು ಕಂಡಿದ್ದೇನೆ. ಭಕ್ತಿಯಿಂದ ಮಾಡಿದರೂ ನಷ್ಟ ನಷ್ಟವೇ. ಅದು ಪಂಚಾಂಗವೋ, ವೈದ್ಯವೋ, ಅಡಕೆತೋಟದ ಕ್ರಯಪತ್ರವೋ, ಎಲ್ಲಿಯೂ ಸಿಗದ ಕಾವ್ಯವೋ, ಬಿಡುವವರಿಗೂ ತಿಳಿಯದು, ಹೊಳೆಗೂ ತಿಳಿಯದು. ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ, ಅಲ್ಲಿ ಓಲೆಗಳನ್ನೂ ಕಡತಗಳನ್ನೂ ಕಾಪಾಡುತ್ತಾರೆ. ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಕೌಟಿಲ್ಯನ ಅರ್ಥಶಾಸ್ತ್ರ ೧೯೦೫ರಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಗೆ ಯಾರೋ ಒಪ್ಪಿಸಿಹೋದ ಒಂದು ಓಲೆಯ ಕಟ್ಟಿನಲ್ಲೇ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಚಿತ್ರ ತೆಗೆಯಿಸಿಯಾದರೂ ಕೊಡಬಹುದು. ಇಂದು ಆ ಕೆಲಸಕ್ಕೆ ಸರ್ವೆಯ ದಂಡೂ ಬೇಡ, ಒಂದು ಲಕ್ಷ ರೂಪಾಯಿಯೂ ಬೇಡ.

ಇನ್ನೊಂದು ಕೆಲಸವನ್ನು ಮಕ್ಕಳಿಂದ ಮಾಡಿಸಬಹುದು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿತ್ತೆಂಬುದು ಇಂದಿನ ಎಷ್ಟು ಹುಡುಗರಿಗೆ ಗೊತ್ತು? ಲಕ್ಷ್ಮೀನರಸಿಂಹ ದೇವಾಲಯವನ್ನು ಯಾವ ಕಾಲದಲ್ಲಿ ಕಟ್ಟಿದರು, ತಮ್ಮ ಕೇರಿಗೆ ಆ ಹೆಸರು ಏಕೆ ಬಂತು, ಕಾರ್ಖಾನೆಗೆ ಮೊದಲು ಅಲ್ಲಿ ಏನಿತ್ತು, ಮುಚ್ಚಿಹೋದ ಕೆರೆ ಎಲ್ಲಿತ್ತು ಎಂದು ಅಜ್ಜಿಯನ್ನೋ ನೆರೆಯ ಮುದುಕರನ್ನೋ ಕೇಳಿ ಎರಡು ಪುಟ ಬರೆದು ತರಲಿ. ಬರೆದ ಮೇಲೆ, ಕೇಳಿದ್ದರಲ್ಲಿ ನಿಜವೆಷ್ಟು, ಜನಮೇಜಯನ ತಾಮ್ರಪಟದಂತಹದು ಎಷ್ಟು ಎಂದು ಮೇಷ್ಟರೊಡನೆ ಕುಳಿತು ಜರಡಿ ಹಿಡಿಯಲಿ. ಕೈಫಿಯತ್ತು ಎಂದರೆ ಅಷ್ಟೇ. ದೂರದ ದ್ವೀಪದಿಂದ ಬಂದ, ನಮ್ಮ ಭಾಷೆ ಬಾರದ ಒಬ್ಬ ದಂಡಿನವನು ನಮ್ಮ ಅಜ್ಜಂದಿರ ಅಜ್ಜಂದಿರನ್ನು ಈ ಪ್ರಶ್ನೆಗಳನ್ನು ಕೇಳಿಸಿದನು. ಭಾಷೆ ಬಲ್ಲ ನಾವು ನಮ್ಮ ಮನೆಯ ಹಿರಿಯರನ್ನು, ಅವರು ಇರುವಾಗಲೇ, ಕೇಳಿದರೆ ಸಾಕು.